ಬೀಗ ಹಾಕಿದ ಲಗ್ನಪತ್ರಿಕೆ

ನನ್ನ ಲಗ್ನಪತ್ರಿಕೆಯನ್ನು ನಾನೇ ಟೈಪು ಮಾಡಿದ್ದೇನೆ. ಇದನ್ನು ಹೇಳಿದರೆ ಈಗಿನವರು ಅದರಲ್ಲೇನಿದೆ ಎನ್ನುತ್ತಾರೆ. ಏನಿದೆ ಎಂದರೆ, ಅದು ನನ್ನದು ಎಂದು ಯಾರಿಗೂ ಗೊತ್ತಾಗಬಾರದಿತ್ತು. ನಾನು ಕೂತು ಟೈಪು ಮಾಡುವ ಕುರ್ಚಿಯ ಹಿಂದೆ ಯಾವಾಗಲೂ ನಾಲ್ಕು ಜನ ನಿಂತು ಪರದೆ ನೋಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ನಮ್ಮದು ಎಂದರೆ ಮಾಲೀಕರದು. ನಾನು ವಳಕಮದಿನ್ನಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಕೆಲಸದವಳು. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ಸತ್ತವರ ಫೋಟೋದ ಕೆಳಗಿನ ನಾಲ್ಕು ಸಾಲು, ಎಲ್ಲವನ್ನೂ ನಾನೇ ಜೋಡಿಸುತ್ತಿದ್ದೆ. ಜೋಡಿಸಿದ್ದನ್ನು ಬಟರ್ ಪೇಪರಿನ ಮೇಲೆ ತೆಗೆದುಕೊಟ್ಟರೆ ಪಕ್ಕದ ಪ್ರೆಸ್ಸಿನವರು ಅಚ್ಚು ಹಾಕುತ್ತಿದ್ದರು.

ಕಾಯುತ್ತ ಕೂತ ಗಿರಾಕಿಗಳಿಗೆ ಬೇರೆಯವರ ಪತ್ರಿಕೆ ಓದುವುದೇ ಕೆಲಸ. ನಮ್ಮ ಕಡೆ ಲಗ್ನಪತ್ರಿಕೆಯನ್ನು ಯಾರೂ ಮೇಲಿನಿಂದ ಓದುವುದಿಲ್ಲ. ಮದುಮಗ ಯಾರು, ಮದುಮಗಳು ಯಾರು ಎಂಬುದು ಆಮೇಲಿನ ಮಾತು. ಮೊದಲು ಕಣ್ಣು ಹೋಗುವುದು ತಳಕ್ಕೆ, ಸುಖಾಗಮನ ಬಯಸುವವರ ಹೆಸರಿನ ಸಾಲಿಗೆ. ಯಾರ ಹೆಸರು ಯಾರದಕ್ಕಿಂತ ಮೇಲೆ ಬಂತು, ಯಾವ ಕಾಕಾನ ಹೆಸರು ಬಿಟ್ಟಿದ್ದಾರೆ, ಯಾವ ಅಳಿಯನ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಅದನ್ನು ನೋಡಿ, ಇಂಥವರ ಮನೆಯಲ್ಲಿ ಇಂಥವರಿಗೂ ಇಂಥವರಿಗೂ ಮಾತಿಲ್ಲ ಎಂದು ಅಲ್ಲೇ ಬೆಂಚಿನ ಮೇಲೆ ಕೂತು ತೀರ್ಮಾನ ಮಾಡುತ್ತಿದ್ದರು. ಎಷ್ಟೋ ಸಲ ಆ ತೀರ್ಮಾನ ಸರಿಯೂ ಇರುತ್ತಿತ್ತು.

ಇಂಥ ಜಾಗದಲ್ಲಿ ನನ್ನ ಪತ್ರಿಕೆ ಗುಟ್ಟಾಗಿ ತಯಾರಾಗಬೇಕಿತ್ತು. ಯಾಕೆ ಎಂದು ಹೇಳಬೇಕಾದರೆ ಅವ್ವನ ತವರಿನ ಸುದ್ದಿಗೆ ಹೋಗಬೇಕು.

ಅವ್ವನ ತವರು ಪಾಮನಕಲ್ಲೂರು. ಅವ್ವನಿಗೆ ಒಬ್ಬನೇ ತಮ್ಮ, ನನ್ನ ಸೋದರಮಾವ. ಅವನು ಮಸ್ಕಿಯಲ್ಲಿ ಶಾಮಿಯಾನ, ಕುರ್ಚಿ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ನನ್ನ ಅಜ್ಜಿ, ಎಂದರೆ ಮಾಮಾನ ತಾಯಿ, 'ಈ ಕೂಸು ನನ್ನ ಮಗನಿಗೆ' ಎಂದು ನೆರೆದವರ ಮುಂದೆ ಹೇಳಿಬಿಟ್ಟಿದ್ದಳಂತೆ. ಮಾಮಾ ಆಗ ಹೊರಗೆ ಗೋಲಿ ಆಡುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ, ನಾನು ನಿದ್ದೆಯಲ್ಲಿದ್ದೆ. ಅಂದಿನಿಂದ ಊರಿನವರ ಪಾಲಿಗೆ ನಾನು ಅವನಿಗೆ ಇಟ್ಟ ಹೆಣ್ಣು.

ಮಾಮಾ ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವನು ಒಳ್ಳೆಯವನು, ಅದೇ ನನ್ನ ಕರ್ಮ. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹಳ್ಳ ದಾಟಿಸಿದವನು. ಯಾರದೋ ಮದುವೆಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಕೈಗೆ ಮೈಕು ಕೊಟ್ಟು 'ಹಲೋ' ಅನ್ನಿಸಿದವನು. ಅವನನ್ನು ಕಂಡರೆ ನನಗೆ ಜೀವ. ಆದರೆ ಗಂಡ ಎಂದು ನೆನೆಸಿಕೊಂಡರೆ ನಗು ಬರುತ್ತಿತ್ತು, ನಗು ನಿಂತ ಮೇಲೆ ಅಳು ಬರುತ್ತಿತ್ತು. ಇದನ್ನು ಅವನಿಗೆ ಹೇಳಲು ನನಗೆ ಬಾಯಿರಲಿಲ್ಲ. ಬೇರೆ ಯಾವ ವಿಷಯಕ್ಕೂ ನನಗೆ ಬಾಯಿ ಕಡಿಮೆ ಇರಲಿಲ್ಲ ಎಂಬುದನ್ನು ನನ್ನ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಅಪ್ಪ ನನ್ನ ಮುಖ ನೋಡಿಯೇ ತಿಳಿದುಕೊಂಡ. ಕಾಲುವೆ ಕೆಳಗೆ ಭತ್ತ ಬೆಳೆಯುವ ಮನುಷ್ಯ, ಮಾತು ಕಡಿಮೆ, ಯೋಚನೆ ಜಾಸ್ತಿ. ಒಂದು ವರ್ಷ ಮೊದಲು ಒಂದು ಗಂಡು ನೋಡಿದ. ಆ ಸುದ್ದಿ ಅಜ್ಜಿಗೆ ಮುಟ್ಟಿತು. ಅಜ್ಜಿ ಬಸ್ಸು ಹತ್ತಿ ನೇರ ಆ ಗಂಡಿನ ಮನೆಗೇ ಹೋಗಿ, ಮಜ್ಜಿಗೆ ಕೇಳಿ ಕುಡಿದು, 'ಆ ಹುಡುಗಿ ನನ್ನ ಮಗನ ಋಣದಾಗ ಹುಟ್ಟ್ಯಾಳ. ನೀವು ಒಯ್ದ್ರ ನನ್ನ ಹೊಟ್ಟಿ ಉರೀನೂ ಒಯ್ಯಬೇಕಾಗತೈತಿ, ನೋಡ್ರಿ' ಎಂದು ಹೇಳಿ, ಎಲೆಅಡಿಕೆ ಹಾಕಿಕೊಂಡು ತಿರುಗಿ ಬಂದಳು. ಬೈಯಲಿಲ್ಲ, ಅಳಲಿಲ್ಲ. ಆ ಮನೆಯವರು ಎರಡನೇ ಸಲ ನಮ್ಮ ಕಡೆ ತಿರುಗಿ ನೋಡಲಿಲ್ಲ.

ಅದಕ್ಕೇ ಈ ಸಲ ಅಪ್ಪ ಎಲ್ಲವನ್ನೂ ಗುಟ್ಟಾಗಿ ಮಾಡಲು ಹೊರಟ. ಪತ್ರಿಕೆ ಊರೆಲ್ಲ ಹಂಚಿದ ಮೇಲೆ ಯಾವ ಗಂಡಿನವರೂ ಹಿಂದೆ ಸರಿಯುವುದಿಲ್ಲ, ಅದು ಅವರ ಮರ್ಯಾದೆಯ ಪ್ರಶ್ನೆಯೂ ಆಗುತ್ತದೆ. ಹಂಚುವ ದಿನದವರೆಗೆ ಒಂದು ಇರುವೆಗೂ ತಿಳಿಯಬಾರದು. ಹುಡುಗ ಲಿಂಗಸುಗೂರಿನವನು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಹೆಣ್ಣು ನೋಡುವ ಶಾಸ್ತ್ರ ನಮ್ಮ ಮನೆಯಲ್ಲಿ ಆಗಲೇ ಇಲ್ಲ. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಮೋಟಾರು ಸುಟ್ಟಿದೆ ಎಂಬ ನೆಪದಲ್ಲಿ ಅವನು ಬಂದ, ನುಚ್ಚು ಒಯ್ಯುವ ನೆಪದಲ್ಲಿ ಅಪ್ಪ ನನ್ನನ್ನು ಕರೆದುಕೊಂಡು ಹೋದ. ತೂಕದ ಕಾಟಾದ ಪಕ್ಕ ನಿಂತು ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರ ತಲೆಯ ಮೇಲೂ ತೌಡು ಕೂತಿತ್ತು.

"ಕಂಪ್ಯೂಟರ್ ಕೆಲಸ ಬಿಡ್ತೀರೇನ್ರಿ?" ಎಂದು ಅವನು ಕೇಳಿದ.

"ಬಿಡಂಗಿಲ್ರಿ," ಎಂದೆ.

"ಬಿಡಬ್ಯಾಡ್ರಿ. ನಮ್ಮೂರಾಗೂ ಆ ಕೆಲಸಕ್ಕ ಮಂದಿ ಸಿಗವಲ್ರು."

ನನಗೆ ಅಷ್ಟು ಸಾಕಾಯಿತು. ಆ ಮನುಷ್ಯ ನನಗೆ ಬೇಕು ಅನ್ನಿಸಿತು, ಬೇರೇನೂ ಕೇಳಬೇಕು ಅನ್ನಿಸಲಿಲ್ಲ.

ಅವ್ವನಿಗೆ ತವರಿನವರ ಹತ್ತಿರ ಯಾವುದನ್ನೂ ಮುಚ್ಚಿಟ್ಟು ಗೊತ್ತಿಲ್ಲ. ಹಾಗಾಗಿ ಅಪ್ಪ ಅವಳಿಗೆ ಅರ್ಧ ಸುದ್ದಿ ಮಾತ್ರ ಹೇಳಿದ. ಒಂದು ಗಂಡು ಕಣ್ಣಿಗೆ ಬಿದ್ದಿದೆ, ಗಂಗಾವತಿ ಕಡೆಯವನು, ಇನ್ನೂ ಏನೂ ಆಗಿಲ್ಲ ಎಂದ. ಅವ್ವ ಪಾಪ, ಲಿಂಗಸುಗೂರಿನ ಅಳಿಯನಿಗಾಗಿ ಎಷ್ಟೋ ದಿನ ಗಂಗಾವತಿಯ ದಿಕ್ಕಿಗೆ ಕೈಮುಗಿದಳು.

ಇನ್ನು ಬೀಗದ ಸುದ್ದಿ. ನಮ್ಮ ಮಾಲೀಕರು ಹುಬ್ಬಳ್ಳಿಗೆ ಹೋದಾಗ ಯಾವುದೋ ಕಂಪ್ಯೂಟರ್ ಮಾಸಿಕದ ಜೊತೆ ಬಂದಿದ್ದ ಫ್ಲಾಪಿಯೊಂದನ್ನು ತಂದಿದ್ದರು. ಅದರಲ್ಲಿ ಫೈಲಿಗೆ ಬೀಗ ಹಾಕುವ ಪ್ರೋಗ್ರಾಂ ಇತ್ತು. ಒಂದು ಗುಟ್ಟಿನ ಪದ ಕೊಟ್ಟು ಬೀಗ ಹಾಕಿದರೆ ಒಳಗಿನ ಅಕ್ಷರವೆಲ್ಲ ಕಲಸಿಹೋಗಿ ಅರ್ಥವಿಲ್ಲದ ಗೀಟು, ಚುಕ್ಕೆ, ಬಾಲದ ಗುರುತುಗಳಾಗುತ್ತಿದ್ದವು. ಅದೇ ಪದ ಕೊಟ್ಟರೆ ಮಾತ್ರ ಮತ್ತೆ ಮೊದಲಿನಂತೆ. ಮಾಲೀಕರಿಗೆ ಹುಚ್ಚೇ ಹಿಡಿಯಿತು. 'ಗುಪ್ತ ಕೆಲಸಗಳನ್ನು ಬೀಗ ಹಾಕಿ ಇಡಲಾಗುವುದು' ಎಂದು ದೊಡ್ಡ ಅಕ್ಷರದಲ್ಲಿ ನನ್ನಿಂದಲೇ ಬರೆಸಿ ಬಾಗಿಲಿಗೆ ಅಂಟಿಸಿದರು.

ಅಪ್ಪ ಆ ಕಾಗದ ಓದಿ ಒಳಗೆ ಬಂದ. ಪತ್ರಿಕೆಯನ್ನು ನಾನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಶಟರ್ ಅರ್ಧ ಎಳೆದುಕೊಂಡು ಟೈಪು ಮಾಡಿ ಮುಗಿಸಿದ್ದೆ. ಬೀಗ ಹಾಕುವ ಹೊತ್ತಿಗೆ ಮಾತ್ರ ಬೆಂಚು ತುಂಬಿತ್ತು. ಸೊಸೈಟಿ ಎಲೆಕ್ಷನ್ನಿನ ಕರಪತ್ರ ಎಂದು ಅಪ್ಪ ಯಾರೂ ಕೇಳುವ ಮೊದಲೇ ಹೇಳಿಬಿಟ್ಟ, ನಿಜ ಗೊತ್ತಿದ್ದದ್ದು ಮಾಲೀಕರಿಗೆ ಮಾತ್ರ.

"ಗುಟ್ಟಿನ ಪದ ಏನಿಡೂಣ್ರಿ ಯಜಮಾನ್ರ?" ಮಾಲೀಕರು ಇಡೀ ಅಂಗಡಿಗೆ ಕೇಳುವಂತೆ ಕೇಳಿದರು.

"ಮನಿದೇವ್ರ ಹೆಸರು ಇಡ್ರಿ."

"ಅದು ಎಲ್ಲಾರಿಗೂ ಗೊತ್ತಿರತೈತ್ರಿ."

"ಹಂಗಾರ ನಮ್ಮ ಎಮ್ಮಿ ಹೆಸರು?"

"ಅದು ನಿಮ್ಮ ಓಣಿಗೆಲ್ಲಾ ಗೊತ್ತಿರತೈತಿ."

ಬೆಂಚಿನ ಮೇಲಿದ್ದವನೊಬ್ಬ ಸಹಾಯಕ್ಕೆ ಬಂದ. "ಕಾಕಾ, ನೀವು ಹಾಕಿದ ಭತ್ತದ ತಳಿ ನಂಬರ್ ಐತಲ್ಲ, ಅದನ್ನ ಇಡ್ರಿ. ಮರತು ಹೋಗಂಗಿಲ್ಲ."

ಅಪ್ಪನಿಗೆ ಅದು ಬಹಳ ಹಿಡಿಸಿತು. ನಂಬರನ್ನು ಗಟ್ಟಿಯಾಗಿ ಹೇಳಿದ. ಮರೆಯಬಾರದು ಎಂದು ಬೆಂಚಿನವರೆಲ್ಲ ಇನ್ನೊಂದು ಸಲ ಹೇಳಿದರು. ಆ ವರ್ಷ ಕಾಲುವೆ ಬಯಲಿನ ತುಂಬ ಅದೇ ತಳಿ ನಿಂತಿತ್ತು. ಅಪ್ಪ ಮಾತ್ರ ಇನ್ನು ಚಿಂತೆ ಇಲ್ಲ ಎಂಬಂತೆ ಚಹಾ ತರಿಸಿದ.

ಬೀಗ ಹಾಕಿದ್ದರಿಂದ ಆದ ಮೊದಲ ಉಪಕಾರವೆಂದರೆ ಗುಟ್ಟು ಪ್ರಸಿದ್ಧವಾಯಿತು. ಬಂದ ಬಂದವರಿಗೆಲ್ಲ ಮಾಲೀಕರು, 'ನಮ್ಮಲ್ಲಿ ಒಂದು ಲಗ್ನಪತ್ರಿಕಿ ಸೈತ ಬೀಗದಾಗ ಐತಿ' ಎಂದು ಹೇಳಿ, ಆ ಕಲಸಿದ ಅಕ್ಷರಗಳನ್ನು ಪರದೆಯ ಮೇಲೆ ತೆರೆದು ತೋರಿಸುತ್ತಿದ್ದರು. ಯಾರದು ಎಂದು ಮಾತ್ರ ಹೇಳುತ್ತಿರಲಿಲ್ಲ. ಅವರ ಪ್ರಾಮಾಣಿಕತೆ ಅಷ್ಟಕ್ಕೆ ಇತ್ತು. ಜನ ಅದನ್ನೇ ನೋಡಲು ಬರತೊಡಗಿದರು. ಒಬ್ಬರು ಇದು ತೆಲುಗು ಎಂದರು. ಇನ್ನೊಬ್ಬರು ಇಲ್ಲ, ಬಂಗಾಳಿ ಇರಬೇಕು ಎಂದು ವಾದಕ್ಕೆ ನಿಂತರು. ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಗಿರಾಕಿಯೊಬ್ಬನನ್ನು ಎಬ್ಬಿಸಿ ತೋರಿಸಿದರು. ಅವನು ಬಗ್ಗಿ ಬಹಳ ಹೊತ್ತು ನೋಡಿ, ಮರ್ಯಾದೆಯಿಂದ, "ಇದು ನಮ್ದು ಅಲ್ಲ," ಎಂದು ಹೇಳಿ ಹೋಗಿ ಕೂತ. ನಾನು ಆ ಕುರ್ಚಿಯಲ್ಲೇ ಕೂತು, ಇವರೆಲ್ಲ ನನ್ನ ಮದುವೆಯನ್ನು ಯಾವ ಭಾಷೆ ಎಂದು ಚರ್ಚೆ ಮಾಡುವುದನ್ನು ಕೇಳಬೇಕಿತ್ತು.

ಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ಅಪ್ಪ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಬಂದು ನಿಂತಿದ್ದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ತೆರಿ ಅದನ್ನ," ಎಂದ. ಭತ್ತದ ನಂಬರು ಕೊಟ್ಟು ತೆರೆದೆ. "ತಳದಾಗ ಸೋದರಮಾವ ಅಂತ ಬರದು ಅವನ ಹೆಸರು ಹಾಕು."

ನಾನು ಹಾಕಿದೆ. ಮೊದಲು ಬರೆಯುವಾಗ ಅವನ ಹೆಸರು ಬಿಟ್ಟಿದ್ದು ನನಗೂ ಮುಳ್ಳಿನಂತೆ ಚುಚ್ಚುತ್ತಿತ್ತು. ಅಪ್ಪ ಹೆಸರನ್ನು ನೋಡುತ್ತ ನಿಂತ.

"ತೆಗಿ."

"ಯಾಕಪ್ಪಾ?"

"ಮ್ಯಾಲ ವರ ಅಂತ ಬರತೈತಿ ಅಂತ ಕಾದ ಹೆಸರು ಅದು. ತಳದಾಗ ತಂದು ಹಾಕಿದ್ರ ಅವಮಾನ ಮಾಡಿದಂಗ ಆಗಂಗಿಲ್ಲೇನು?"

ತೆಗೆದೆ. ಅಪ್ಪ ಹೊರಗೆ ಹೋಗಿ ಬೀಡಿ ಹಚ್ಚಿ ಒಳಗೆ ಬಂದ. "ಹಾಕು. ಹಾಕಲಿಲ್ಲ ಅಂದ್ರ ನಿಮ್ಮವ್ವನ ತವರು ಕಡಕೊಂಡಂಗ ಆಗತೈತಿ."

ಮತ್ತೆ ಹಾಕಿದೆ. ಅಪ್ಪ ಇನ್ನೊಮ್ಮೆ ಬಾಯಿ ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬರುವ ತನಕ ಇಬ್ಬರೂ ಕಾದೆವು. ಬಂದ ಮೇಲೆ ಬೀಗ ತೆರೆದು ನೋಡಿದರೆ ಫೈಲು ಮೊದಲಿನ ಹಾಗೇ ಇತ್ತು. ಮಾಮಾನ ಹೆಸರು ಇರಲಿಲ್ಲ, ಉಳಿಸುವ ಮೊದಲೇ ಕರೆಂಟು ಹೋಗಿತ್ತಲ್ಲ. "ನೋಡು, ದೇವ್ರಿಗೂ ಬ್ಯಾಡಾಗೈತಿ. ಹಿಂಗ ಇರಲಿ," ಎಂದು ಅಪ್ಪ ಎದ್ದ. ವಿದ್ಯುತ್ ಇಲಾಖೆಯ ಕೆಲಸವನ್ನು ದೇವರ ತಲೆಗೆ ಕಟ್ಟಿದ್ದಕ್ಕೆ ನನಗೆ ಮೈಯೆಲ್ಲ ಸಿಟ್ಟು ಬಂತು. ಆದರೂ ಮತ್ತೆ ಬೀಗ ಹಾಕಿದೆ.

ಅಲ್ಲಿ ಏನಾಗಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು. ಬೀಗದ ಪ್ರೋಗ್ರಾಂ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಆದರೆ ಪತ್ರಿಕೆ ಜೋಡಿಸುವ ಪ್ರೋಗ್ರಾಂ ಬೇರೆ, ಅದಕ್ಕೆ ತನ್ನದೇ ಒಂದು ರೂಢಿ. ನಾವು ಕೆಲಸ ಮಾಡುತ್ತಿದ್ದಂತೆಯೇ, ಕರೆಂಟು ಹೋದರೆ ಇರಲಿ ಎಂದು, ಅದು ಒಂದು ತಾತ್ಕಾಲಿಕ ನಕಲನ್ನು ಡಿಸ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಕೆಲಸ ಸರಿಯಾಗಿ ಮುಗಿದರೆ ತಾನೇ ಅಳಿಸುತ್ತಿತ್ತು. ನಡುವೆ ಕರೆಂಟು ಹೋದರೆ ಆ ನಕಲು ಅಲ್ಲೇ ಉಳಿಯುತ್ತಿತ್ತು, ಬೀಗವಿಲ್ಲದೆ, ಶುದ್ಧ ಕನ್ನಡದಲ್ಲಿ. ಟ್ರಂಕಿಗೆ ಬೀಗ ಹಾಕಿ ಸೀರೆಯನ್ನು ಹೊರಗೆ ಹಗ್ಗದ ಮೇಲೆ ಬಿಟ್ಟಂತೆ. ಸಿಂಧನೂರಿನ ಕರೆಂಟಿನ ಕಾಟದಲ್ಲಿ ಆ ರೂಢಿಯೇ ನಮ್ಮ ಹೊಟ್ಟೆ ಹೊರೆಯುತ್ತಿತ್ತು. ಎಷ್ಟು ಪತ್ರಿಕೆಗಳನ್ನು ಅದು ಉಳಿಸಿಕೊಟ್ಟಿತ್ತೋ ಲೆಕ್ಕವಿಲ್ಲ. ಆದರೆ ಬೀಗದವರೂ ನಾವೇ, ನಕಲಿನವರೂ ನಾವೇ ಎಂಬುದು ನಮ್ಮ ತಲೆಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಅಂಗಡಿಯ ಮುಂದೆ ಮಾಮಾನ ಮೊಪೆಡ್ಡಿನ ಸದ್ದು ಕೇಳಿತು.

"ಏನ್ರಿ ಕಂಪ್ಯೂಟರ್ ಮೇಡಂ, ಆರಾಮೇನು?" ಎನ್ನುತ್ತ ಒಳಗೆ ಬಂದ. ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ, ಎಣ್ಣೆ ಕಾಗದದಿಂದ ಆಚೆ ಬಂದಿತ್ತು. ನನಗೊಂದು, ಮಾಲೀಕರಿಗೊಂದು ಕೊಟ್ಟ. ಶಾಮಿಯಾನದ ಕರಪತ್ರ ಮಾಡಿಸಬೇಕಿತ್ತಂತೆ. ಆಮೇಲೆ ಧ್ವನಿ ತಗ್ಗಿಸಿದ. ಮೈಕಿನವನು ಧ್ವನಿ ತಗ್ಗಿಸಿದರೂ ರಸ್ತೆಗೆ ಕೇಳುತ್ತದೆ. "ಸರ, ನಿಮ್ಮಲ್ಲಿ ಬೀಗ ಹಾಕಿದ ಲಗ್ನದ ಕಾರ್ಡ್ ಐತೆಂತಲ್ಲ? ಮಸ್ಕಿ ತನಕ ಸುದ್ದಿ ಬಂದೈತಿ. ಯಾರದು ಅಂತ ಹೇಳಬ್ಯಾಡ್ರಿ. ಬರೇ ಊರು, ತಾರೀಖು ಹೇಳ್ರಿ ಸಾಕು. ಶಾಮಿಯಾನ ನಾ ಹೋಗಿ ಮಾತಾಡ್ತೀನಿ."

ಗುಟ್ಟು ಯಾರಿಂದ ಕಾಪಾಡಬೇಕು ಎಂಬುದನ್ನು ಅಪ್ಪ ಮಾಲೀಕರಿಗೂ ಹೇಳಿರಲಿಲ್ಲ, ಅದೂ ಗುಟ್ಟೇ ಆಗಿತ್ತು. ಮಾಲೀಕರು ಎದೆಯುಬ್ಬಿಸಿ, "ಬ್ರಹ್ಮ ಬಂದ್ರೂ ತೆರಿಯಂಗಿಲ್ರಿ ಅದು," ಎಂದು ಎಂದಿನಂತೆ ಕಲಸಿದ ಅಕ್ಷರಗಳನ್ನು ತೆರೆದು ತೋರಿಸಿದರು.

ಮಾಮಾ ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ. "ಪಾಪ," ಎಂದ. "ಯಾರ ಹುಡುಗಿನೋ ಏನೋ. ಲಗ್ನಕ್ಕ ಬೀಗ ಹಾಕೋವಷ್ಟು ಏನು ಕಷ್ಟ ಇತ್ತೋ ಆ ಕೂಸಿಗೆ."

ನಾನು ಕೆಮ್ಮುತ್ತ ನೀರು ಹುಡುಕಲು ಎದ್ದೆ. "ಕೂಡು ತಂಗಿ, ಕರಪತ್ರ ನಾನ ಚಾಲೂ ಮಾಡ್ತೀನಿ," ಎಂದು ಮಾಲೀಕರು ಕುರ್ಚಿಗೆ ಕೂತು, ಜೋಡಿಸುವ ಪ್ರೋಗ್ರಾಂ ತೆರೆದರು. ಬೆಳಿಗ್ಗೆ ನಾವು ಬೀಗದ ಮೂಲಕ ಒಳಗೆ ಹೋಗಿದ್ದೆವು, ಆಗ ಅದು ಸುಮ್ಮನಿತ್ತು. ಈಗ ಅದನ್ನೇ ನೇರವಾಗಿ ತೆರೆದದ್ದೇ ತಡ, ಅರ್ಧಕ್ಕೆ ನಿಂತ ಕೆಲಸವೊಂದಿದೆ, ತರಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಮಾಲೀಕರು ಯಾವ ಪ್ರಶ್ನೆಯನ್ನೂ ಓದಿದವರಲ್ಲ. ಹೌದು ಎಂಬ ಗುಂಡಿ ಒತ್ತಿದರು.

ಪರದೆಯ ತುಂಬ ನನ್ನ ಲಗ್ನಪತ್ರಿಕೆ ಬಂತು.

ಮಾಲೀಕರು ನನ್ನ ಮುಖ ನೋಡಿ, ಗಾಬರಿಯಾಗಿ, ಪರದೆಯ ಗುಂಡಿ ಒತ್ತಿ ಕತ್ತಲು ಮಾಡಿದರು. ಹಾಗೆ ಮಾಡದಿದ್ದರೆ ಮಾಮಾ ನೋಡುತ್ತಿರಲಿಲ್ಲವೋ ಏನೋ, ಅವನು ಮಿರ್ಚಿಯ ತೊಟ್ಟು ಕೀಳುತ್ತಿದ್ದ.

"ಹಚ್ಚ್ರಿ," ಎಂದ ಮಾಮಾ.

ಮಾಲೀಕರು ಹಚ್ಚಿದರು. ನಮ್ಮ ಕಡೆಯವರೆಲ್ಲರಂತೆ ಮಾಮಾ ತಳದಿಂದ ಓದಲು ಶುರು ಮಾಡಿದ. ಎಣ್ಣೆಯ ಬೆರಳನ್ನು ಗಾಜಿನ ಮೇಲೆ ಇಟ್ಟು, ಸಾಲು ಹಿಡಿದು ಹೋದ. ಬೆರಳು ಒಂದು ಕಡೆ ನಿಂತಿತು. ಅವನ ಮುಖ ಅರಳಿತು.

"ಅರೇ! ಇಲ್ಲಿ ನನ್ನ ಹೆಸರು ಐತಲ್ಲ! ಸೋದರಮಾವ ಅಂತ ಹಾಕ್ಯಾರ. ಯಾರ ಲಗ್ನ ಇದು?"

ಆ ಒಂದು ಗಳಿಗೆಯ ಅವನ ಸಂತೋಷವನ್ನು ನಾನು ಇವತ್ತಿಗೂ ತಡೆದುಕೊಳ್ಳಲಾರೆ. ಬೆರಳು ಮೇಲೆ ಹೋಯಿತು. ಅಪ್ಪನ ಹೆಸರು ದಾಟಿತು. ನನ್ನ ಹೆಸರಿಗೆ ಬಂತು. ಅವನಿಗೆ ಇದ್ದದ್ದು ಒಬ್ಬಳೇ ಅಕ್ಕ, ಅವಳಿಗೆ ಒಬ್ಬಳೇ ಮಗಳು, ಬೇರೆ ಯಾರ ಸೋದರಮಾವನೂ ಅವನಾಗುವಂತಿರಲಿಲ್ಲ. ಆಮೇಲೆ ಪಕ್ಕದ ವರನ ಹೆಸರಿಗೆ, ಲಿಂಗಸುಗೂರಿಗೆ, ತಾರೀಖಿಗೆ ಹೋಗಿ ಬೆರಳು ಗಾಜಿನಿಂದ ಕೆಳಗಿಳಿಯಿತು.

ಮಾಲೀಕರು ಚಹಾ ಹೇಳಿ ಬರುತ್ತೇನೆ ಎಂದು ಹೊರಗೆ ಹೋದರು. ಅವರ ಜೀವಮಾನದಲ್ಲಿ ಅವರು ತಾವೇ ಹೋಗಿ ಚಹಾ ಹೇಳಿದ್ದು ಅದೊಂದೇ ಸಲ ಇರಬೇಕು.

"ಲೇ ಕೂಸ," ಎಂದ ಮಾಮಾ. "ಇದು ನಿಮ್ಮಪ್ಪಂದೋ, ನಿಂದೋ?"

"ನಂದ, ಮಾಮಾ."

"ನನ್ನ ಮ್ಯಾಲ ಬೇಜಾರೇನು?"

"ಬೇಜಾರಿದ್ದಿದ್ರ ಯಾವಾಗೋ ಹೇಳ್ತಿದ್ದೆ. ಬೇಜಾರಿಲ್ಲ ಅಂತನ ಹೇಳಾಕ ಆಗಲಿಲ್ಲ."

ಅವನು ಬೆಂಚಿನ ಮೇಲೆ ಕೂತ. ಫ್ಯಾನು ತಿರುಗುತ್ತಿತ್ತು, ನಾನು ಅಳದಿರಲು ಕೀಬೋರ್ಡಿನ ಅಕ್ಷರಗಳನ್ನು ಓದುತ್ತಿದ್ದೆ. ಕೊನೆಗೆ ಅವನು ಮತ್ತೆ ಪರದೆಯ ತಳ ನೋಡಿದ.

"ಹೆಸರು ಹಾಕೀರಿ," ಎಂದ. "ಬಿಟ್ಟಿದ್ರ ಭಾಳ ನೋಯ್ತಿತ್ತು ನೋಡು. ಹಾಕೀರಿ. ಸೋದರಮಾವ ಅಂದ್ರ ಸಣ್ಣದೇನು? ಮಂಟಪಕ್ಕ ಕೈ ಹಿಡದು ಕರಕೊಂಡು ಬರಾಂವ ನಾನ ಅಲ್ಲೇನು."

ಬೀಗ ಹಾಕಿದ ಅಸಲಿ ಫೈಲಿನಲ್ಲಿ ಅವನ ಹೆಸರು ಇಲ್ಲ ಎಂದು ನಾನು ಹೇಳಲಿಲ್ಲ. ಯಾರಾದರೂ ಹೇಗೆ ಹೇಳುತ್ತಾರೆ? "ಹೂಂ ಮಾಮಾ," ಎಂದೆ.

ಆಮೇಲೆ ಅವನು ಮಾಡಿದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕರಪತ್ರ ಬರೆಸಿದ. ಎದ್ದುನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, ಗಟ್ಟಿ ಧ್ವನಿಯಲ್ಲಿ ಹೇಳಿದ: ಮದುವೆ, ಕುಬಸ, ತೊಟ್ಟಿಲು ಮುಂತಾದ ಸಕಲ ಶುಭಕಾರ್ಯಗಳಿಗೆ ಶಾಮಿಯಾನ, ಕುರ್ಚಿ, ಧ್ವನಿವರ್ಧಕ ಯೋಗ್ಯ ದರದಲ್ಲಿ ದೊರೆಯುತ್ತವೆ. ನಾನು ಟೈಪು ಮಾಡಿದೆ. ಒಂದು ತಪ್ಪು ಮಾಡಿದ್ದೆ, ತೋರಿಸಿ ತಿದ್ದಿಸಿದ. ಮೊಪೆಡ್ಡು ಹತ್ತಿ ಹೋದ.

ಮಾಲೀಕರು ವಾಪಸು ಬಂದ ಮೇಲೆ ಇಬ್ಬರೂ ಕೂತು ಡಿಸ್ಕನ್ನು ಜಾಲಾಡಿದೆವು. ತಾತ್ಕಾಲಿಕ ಫೈಲುಗಳ ಆ ಮೂಲೆಯಲ್ಲಿ, ಬೀಗ ಹಾಕಿದ್ದೇವೆ ಎಂದು ಮೀಸೆ ತಿರುವಿದ್ದ ಕೆಲಸವೆಲ್ಲ ಬೆತ್ತಲೆ ಕೂತಿತ್ತು. ಒಬ್ಬ ಕಂಟ್ರಾಕ್ಟರನ ಟೆಂಡರು, ಒಬ್ಬ ಪುಢಾರಿಯನ್ನು ಹೆಸರು ಹಾಕದೆ ಬೈದ ಕರಪತ್ರ, ಯಾರೋ ಯಾರಿಗೋ ಬರೆಸಿದ ಪ್ರೇಮಪತ್ರ. ಕರೆಂಟು ಹೋದಾಗೊಮ್ಮೆ ಒಂದೊಂದು ಉಳಿದುಕೊಂಡಿತ್ತು. ಮಾಲೀಕರು ಹೋಗಿ ಬಾಗಿಲಿನ ಕಾಗದ ಕಿತ್ತರು. ನಾನು ಬೇರೆಯವರದ್ದನ್ನೆಲ್ಲ ಅಳಿಸಿದೆ. ನನ್ನ ಪತ್ರಿಕೆಯ ಬೀಗ ಹಾಕಿದ ಫೈಲನ್ನೂ ಅಳಿಸಿದೆ, ಬೀಗವಿಲ್ಲದ ನಕಲನ್ನು ಇಟ್ಟುಕೊಂಡೆ. ಬಟರ್ ಪೇಪರಿನ ಮೇಲೆ ಅದನ್ನೇ ತೆಗೆದು ಪ್ರೆಸ್ಸಿಗೆ ಕೊಟ್ಟೆ.

ಅಚ್ಚಾದ ಪತ್ರಿಕೆ ನೋಡಿ ಅಪ್ಪನ ಮುಖ ಕಪ್ಪಾಯಿತು. "ಇವನ ಹೆಸರು ಯಾಕ ಬಂತು?"

"ಮಾಮಾ ನೋಡ್ಯಾನ," ಎಂದೆ.

ಅಪ್ಪ ಅಲ್ಲೇ ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಾಮಾನಿಗೆ ತಿಳಿದರೆ ಅಜ್ಜಿಗೆ ತಿಳಿಯಿತು, ಅಜ್ಜಿಗೆ ತಿಳಿದರೆ ಲಿಂಗಸುಗೂರಿನ ಬಸ್ಸು. ಆ ಮನೆಯವರು ಮಜ್ಜಿಗೆ ಕೊಟ್ಟರೆ ಮುಗಿಯಿತು ಎಂದು ಅಪ್ಪ ಹುಡುಗನಿಗೆ ಒಂದು ಚೀಟಿ ಕಳಿಸಿದ, ಮನೆಗೆ ಯಾರಾದರೂ ಮುದುಕಿ ಬಂದರೆ ಮಜ್ಜಿಗೆ ಕೊಡಬೇಡಿ ಎಂದು. ಆ ಚೀಟಿ ನೋಡಿ ಅವರು ನಮ್ಮ ಬಗ್ಗೆ ಏನು ತಿಳಿದುಕೊಂಡರೋ. ಪತ್ರಿಕೆಯ ಕಟ್ಟುಗಳನ್ನು ಯೂರಿಯಾ ಚೀಲದಲ್ಲಿ ತುಂಬಿ ಭತ್ತದ ಮೂಟೆಗಳ ಹಿಂದೆ ಇಟ್ಟು ಕಾದೆವು.

ಅಜ್ಜಿ ಬಂದಳು. ಲಿಂಗಸುಗೂರಿಗಲ್ಲ, ನಮ್ಮ ಮನೆಗೆ. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಅಪ್ಪನ ಮುಂದೆ ನೆಲಕ್ಕೆ ಕೂತು ಸೆರಗು ಬಾಯಿಗೆ ಇಟ್ಟುಕೊಂಡು ಅಳತೊಡಗಿದಳು.

"ನನ್ನ ಹೊಟ್ಟ್ಯಾಗ ಹುಟ್ಟಿದ್ದು ಮಗ ಅಲ್ಲಪ್ಪ, ಕಲ್ಲು," ಎಂದಳು. "ನಿನ್ನ ಮಗಳು ಬ್ಯಾಡಂತ ಅವನಿಗೆ. ತೊಟ್ಟಿಲದಾಗ ಹಾಕಿದ ದಿನ ಮಾತು ಕೊಟ್ಟೀನಿ, ಈಗ ಬ್ಯಾಡ ಅಂತಾನ. ಕಂಪ್ಯೂಟರ್ ಕಲತ ಹುಡುಗಿ ನನ್ನ ಕೂಡ ಬಾಳೇ ಮಾಡಂಗಿಲ್ಲ ಅಂತಾನ. ಕಾಲು ಹಿಡದೆ, ಕೇಳವಲ್ಲ. ನಿನಗ ನಾ ಯಾವ ಮುಖ ತೋರಸಲಿ? ಇಟ್ಟ ಹೆಣ್ಣನ್ನ ಬಿಟ್ರು ಅಂತ ಮಂದಿ ಆಡಿಕೊಳ್ಳಂಗಿಲ್ಲೇನು?"

ಅವ್ವ ಈ ಯಾವುದರ ತಲೆಬುಡ ಗೊತ್ತಿಲ್ಲದೆ ನಿಜವಾಗಿಯೇ ಗೋಳೋ ಎಂದು ಅತ್ತಳು, ತಮ್ಮನನ್ನು ಬೈದಳು. ಅಪ್ಪ ಕೆಮ್ಮಿದ. ಕೊನೆಗೆ, "ಇರಲಿ ಬಿಡ್ರಿ ಅತ್ತಿ, ಏನು ಮಾಡಾಕ ಬರತೈತಿ," ಎಂದ. ಕ್ಷಮಿಸುವವನ ಧ್ವನಿಯಲ್ಲೇ ಅಂದ. ಆ ಧ್ವನಿ ಅವನಿಗೆ ಎಲ್ಲಿಂದ ಬಂತೋ ನಾನರಿಯೆ.

"ಎಲ್ಲಿಯಾದ್ರೂ ಒಂದು ಗಂಡು ಸಿಕ್ರ ಕೊಟ್ಟುಬಿಡಪ್ಪಾ," ಎಂದಳು ಅಜ್ಜಿ. "ಈ ಸಲ ನಾ ಅಡ್ಡ ಬರಂಗಿಲ್ಲ. ನನ್ನ ತಪ್ಪಿಗೆ ನಾನ ಮುಂದ ನಿಂತು ಮಾಡ್ತೀನಿ."

ಅಪ್ಪನಿಗೆ ತಡೆಯಲಾಗಲಿಲ್ಲ. "ಒಂದು ಗಂಡು ಐತ್ರಿ," ಎನ್ನುತ್ತ ಎದ್ದು ಹೋಗಿ, ಭತ್ತದ ಮೂಟೆಯ ಹಿಂದಿನ ಯೂರಿಯಾ ಚೀಲಕ್ಕೆ ಕೈ ಹಾಕಿ, ಅಚ್ಚಾದ ಪತ್ರಿಕೆಯನ್ನೇ ತೆಗೆದು ಅಜ್ಜಿಯ ಕೈಗೆ ಕೊಟ್ಟ.

ಅಜ್ಜಿ ಕಣ್ಣೀರು ಒರೆಸಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟು ಲಗೂನ?" ಎಂದಳು.

"ಈಗ ಕಂಪ್ಯೂಟರ್ ಬಂದೈತಲ್ರಿ," ಎಂದ ಅಪ್ಪ.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟು ಓದು ಎಂದಳು. ಊರಿನ ಹೆಸರು ಬಂದಾಗ ಅವ್ವ ಅಪ್ಪನ ಕಡೆ ಒಂದು ನೋಟ ನೋಡಿದಳು, ಅದರ ಪರಿಣಾಮವನ್ನು ಅಪ್ಪ ಆಮೇಲೆ ಬಹಳ ದಿನ ಅನುಭವಿಸಿದ. ನಾನು ಓದುತ್ತ ತಳಕ್ಕೆ ಬಂದೆ. ಸೋದರಮಾವ ಎಂದು ಓದಿ ಮಾಮಾನ ಹೆಸರು ಓದಿದೆ.

ಅಜ್ಜಿಯ ಮೂಗು ಕೆಂಪಾಯಿತು. "ಅವನ ಹೆಸರು ಯಾಕ ಹಾಕೀರಿ? ಬ್ಯಾಡ ಅಂದಾಂವನ ಹೆಸರು! ತೆಗಸ್ರಿ ಅದನ್ನ. ಬ್ಯಾರೆ ಅಚ್ಚು ಹಾಕಸ್ರಿ."

ಅಪ್ಪ ನನ್ನ ಕಡೆ ನೋಡಿದ. ಹಾಕು, ತೆಗೆ ಎಂದು ಅವನು ಹೇಳಿದಾಗಲೆಲ್ಲ ನಾನು ಹಾಕಿದ್ದೆ, ತೆಗೆದಿದ್ದೆ.

"ತೆಗಿಯಂಗಿಲ್ಲ, ಆಯಿ," ಎಂದೆ. "ಮಂಟಪಕ್ಕ ನನ್ನ ಕೈ ಹಿಡದು ಮಾಮಾನ ಕರಕೊಂಡು ಹೋಗಬೇಕು. ಬ್ಯಾರೆ ಯಾರ ಕೂಡನೂ ನಾ ಹೋಗಂಗಿಲ್ಲ."

ಅಜ್ಜಿ ನನ್ನನ್ನು ಹತ್ತಿರ ಎಳೆದುಕೊಂಡಳು. ಅವಳ ಸೀರೆಯಲ್ಲಿ ಎಲೆಅಡಿಕೆಯ ವಾಸನೆ ಇತ್ತು. "ಎಷ್ಟು ದೊಡ್ಡ ಮನಸು ಬೇ ನಿಂದು," ಎಂದು ನನ್ನ ತಲೆ ಸವರಿದಳು. "ಅಂವ ನಿನ್ನ ಬ್ಯಾಡಂದ್ರೂ ನೀ ಅವನ ಹೆಸರು ಬಿಡವಲ್ಲಿ."

ನಾನು ಅವಳ ಮಡಿಲಲ್ಲಿ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಮಾಮಾ ಬೇಡವೆಂದನಲ್ಲ ಎಂದು ಈ ಹುಡುಗಿ ಅಳುತ್ತಿದ್ದಾಳೆ ಎಂದು ತಿಳಿದು ಅಜ್ಜಿ ಬಹಳ ಹೊತ್ತು ನನಗೆ ಸಮಾಧಾನ ಹೇಳಿದಳು.